ಇಳಿಯುವುದೂ ಒಂದು ಕಸುಬು

ಕೆನಡಾದ ಪಶ್ಚಿಮ ತುದಿಯಲ್ಲಿ ಕಳೆದ ವರ್ಷಗಳ ಮಾತು ಬಂದಾಗಲೆಲ್ಲ, ಬೇಸಿಗೆಯ ರಜಾದಿನಗಳು ವಿಸ್ಲರಿನ ಬೆಟ್ಟದಲ್ಲಿ ಸೈಕಲ್ಲು ಇಳಿಸುವುದರಲ್ಲೇ ಕಳೆದುವು ಎಂದು ಹೇಳಿದರೆ, ಊರಿನಲ್ಲಿ ಕೇಳುವವರ ಮುಖದಲ್ಲಿ ಒಂದು ಸಣ್ಣ ನಗು ಕಾಣಿಸುತ್ತದೆ. ಹತ್ತಿಸೋದು ಮಿಷನ್ನು, ಇಳಿಸೋದು ಭೂಮಿ, ನಡುವೆ ನಿಂದೇನಪ್ಪ ಕೆಲಸ ಎನ್ನುವುದು ಆ ನಗುವಿನ ಅರ್ಥ. ನಂದಿ ಬೆಟ್ಟಕ್ಕೆ ಬೆಳಗಿನ ಜಾವ ಸೈಕಲ್ ತುಳಿದು ಹೋಗುವ ಬೆಂಗಳೂರಿನವರಂತೂ ಇದನ್ನು ಸೈಕಲ್ ಸವಾರಿಯ ಲೆಕ್ಕಕ್ಕೇ ಹಿಡಿಯುವುದಿಲ್ಲ. ಅವರ ಪಾಲಿಗೆ ಸವಾರಿ ಎಂದರೆ ಏರು. ಇಳಿಜಾರು ಏರಿದ್ದಕ್ಕೆ ಸಿಗುವ ಸಂಬಳ. ಕೆಲಸ ಮಾಡದೆ ಸಂಬಳ ತೆಗೆದುಕೊಳ್ಳುವವನನ್ನು ಯಾರು ಮೆಚ್ಚುತ್ತಾರೆ? ಆ ದಿನಗಳಿಂದ ದೂರ ಬಂದು ತಣ್ಣಗೆ ಯೋಚಿಸಿದರೆ, ಈ ಆಕ್ಷೇಪಣೆಯಲ್ಲಿ ಅರ್ಧ ಮಾತ್ರ ನಿಜವಿದೆ ಎನಿಸುತ್ತದೆ. ಏರುವ ಶ್ರಮವನ್ನು ಲಿಫ್ಟು ಉಳಿಸುತ್ತದೆ, ಅದು ಸರಿ. ಆದರೆ ಇಳಿಯುವುದು ಸಂಬಳವಲ್ಲ, ಅದೇ ಬೇರೊಂದು ಕೆಲಸ. ಆ ಕೆಲಸವನ್ನು ಕಲಿಯಬೇಕಾದರೆ ಒಂದೇ ಇಳಿಜಾರನ್ನು ಒಂದೇ ದಿನ ಮತ್ತೆ ಮತ್ತೆ ಇಳಿಯಬೇಕು, ಮತ್ತು ಲಿಫ್ಟು ಇಲ್ಲದೆ ಅದು ಆಗುವ ಮಾತಲ್ಲ.

ಜಾಗ ಎಂಥದ್ದು ಎಂದು ಹೇಳದೆ ವಾದ ಮುಂದುವರಿಯದು. ವ್ಯಾಂಕೂವರಿನಿಂದ ಉತ್ತರಕ್ಕೆ ಸುಮಾರು 120 ಕಿಲೋಮೀಟರು. ಒಂದು ಕಡೆ ಕಡಲಿನ ಹಿನ್ನೀರು, ಇನ್ನೊಂದು ಕಡೆ ಕಡಿದಾದ ಬಂಡೆ, ನಡುವೆ ಹೆದ್ದಾರಿ. 2010ರ ಚಳಿಗಾಲದ ಒಲಿಂಪಿಕ್ಸಿನ ಇಳಿಜಾರು ಹಿಮದೋಟಗಳು, ಅಂದರೆ ಸ್ಕೀಯಿಂಗ್ ಪಂದ್ಯಗಳು, ನಡೆದದ್ದು ಇಲ್ಲೇ. ಹಿಮ ಕರಗಿದ ಮೇಲೆ ಅದೇ ಬೆಟ್ಟ, ಅದೇ ಕುರ್ಚಿ ಲಿಫ್ಟುಗಳು ಸೈಕಲ್ಲಿನವರ ಪಾಲಾಗುತ್ತವೆ. ಹಿಮದೋಟದ ಕಂಪನಿಯೇ ಮುಂದೆ ನಿಂತು ಬೈಕ್ ಪಾರ್ಕು ಎಂದು ಇದನ್ನು ಬೆಳೆಸತೊಡಗಿದ್ದು 1999ರ ಸುಮಾರಿಗೆ. ಕೆಳಗಿನ ಫಿಟ್ಜ್‌ಸಿಮನ್ಸ್ ಲಿಫ್ಟು ಹಳ್ಳಿಯಿಂದ ಸುಮಾರು 350 ಮೀಟರು ಮೇಲೆ ಬಿಡುತ್ತದೆ. ಗಾರ್ಬಾಂಜೊ ಎಂಬ ಲಿಫ್ಟು ಅದಕ್ಕೂ ಮೇಲೆ. ನೆತ್ತಿಯವರೆಗೆ ಹೋಗುವವರಿಗೆ 2,180 ಮೀಟರು ಎತ್ತರದಿಂದ ಇಳಿಯುವ ದಾರಿಯೂ ಇದೆ. ಸೈಕಲ್ಲುಗಳನ್ನು ಲಿಫ್ಟಿಗೆ ಸಿಕ್ಕಿಸಿದ ಚೌಕಟ್ಟಿನಲ್ಲಿ ನಿಲ್ಲಿಸಿ ಮೇಲಕ್ಕೆ ಕಳಿಸುತ್ತಾರೆ. ಇಳಿಯುವ ದಾರಿಗಳಿಗೆ ಹಿಮದೋಟದವರದೇ ಬಣ್ಣದ ಗುರುತು: ಹಸಿರು ಸುಲಭ, ನೀಲಿ ನಡುವಿನದು, ಕಪ್ಪು ಕಷ್ಟ, ಎರಡು ಕಪ್ಪು ವಜ್ರ ಎಂದರೆ ಗೊತ್ತಿದ್ದವರಿಗೆ ಮಾತ್ರ. ಲಿಫ್ಟಿನ ಕುರ್ಚಿಯಿಂದ ನೋಡಿದರೆ ಇವೆಲ್ಲ ಕಾಡಿನ ನಡುವೆ ಯಾರೋ ಎಳೆದ ಕಂದು ರಿಬ್ಬನ್ನಿನ ಹಾಗೆ ಕಾಣುತ್ತವೆ. ದೂರದ ಬೆಟ್ಟ ನುಣ್ಣಗೆ ಎಂದು ನಮ್ಮವರು ಹೇಳಿದ್ದು ಇಲ್ಲಿ ಅಕ್ಷರಶಃ ನಿಜ.

ಭೂಮಿಯೇ ಇಳಿಸುತ್ತದೆ ಎಂಬ ಮಾತನ್ನು ಮೊದಲು ಲೆಕ್ಕಕ್ಕೆ ಹಚ್ಚಿ ನೋಡೋಣ. ಸವಾರ, ಸೈಕಲ್ಲು ಸೇರಿ 90 ಕಿಲೋ ಎಂದಿಟ್ಟುಕೊಳ್ಳಿ. 350 ಮೀಟರು ಕೆಳಗಿಳಿಯುವಾಗ ಯಾವುದೂ ತಡೆಯದೆ ಹೋದರೆ ತಳ ಮುಟ್ಟುವಾಗಿನ ವೇಗ ಗಂಟೆಗೆ ಸುಮಾರು 300 ಕಿಲೋಮೀಟರು. ಭೂಮಿ ಕೊಡುವುದು ಅಷ್ಟು. ನಿಜದಲ್ಲಿ ಸವಾರ ತಳಕ್ಕೆ ಬರುವುದು ಮನುಷ್ಯನಂತೆ, ಎರಡು ಕಾಲೂರಿ ನಿಲ್ಲಬಹುದಾದ ವೇಗದಲ್ಲಿ. ಹಾಗಾದರೆ ಉಳಿದದ್ದೆಲ್ಲ ಎಲ್ಲಿ ಹೋಯಿತು? ಒಂದಿಷ್ಟು ಗಾಳಿಗೆ, ಒಂದಿಷ್ಟು ಟೈರಿಗೆ, ಒಂದಿಷ್ಟು ಸಸ್ಪೆನ್ಷನ್ನಿನ ಎಣ್ಣೆಗೆ, ದೊಡ್ಡ ಪಾಲು ಬ್ರೇಕಿಗೆ. ಒಟ್ಟು ಕೂಡಿದರೆ ಒಂದು ಲೀಟರು ನೀರನ್ನು ಕುದಿಯುವ ಹದಕ್ಕೆ ತರುವಷ್ಟು ಶಾಖ. ಈ ಆಟದ ಚರಿತ್ರೆ ಶುರುವಾಗುವುದೂ ಈ ಶಾಖದಿಂದಲೇ. 1976ರಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ, ಫೇರ್‌ಫ್ಯಾಕ್ಸ್ ಊರಿನ ಹತ್ತಿರದ ಗುಡ್ಡದ ಮಣ್ಣುದಾರಿಯಲ್ಲಿ, ಚಾರ್ಲಿ ಕೆಲ್ಲಿ, ಜೋ ಬ್ರೀಜ್, ಗ್ಯಾರಿ ಫಿಶರ್ ಮತ್ತವರ ಗೆಳೆಯರು ಹಳೇ ಶ್ವಿನ್ ಸೈಕಲ್ಲುಗಳನ್ನು ಗಡಿಯಾರ ಹಿಡಿದು ಇಳಿಸತೊಡಗಿದರು. ಸುಮಾರು 400 ಮೀಟರಿನ ಇಳಿತ. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಂದಿನ ಹಬ್ಬಿನೊಳಗೆ ಹಿಡಿಯುವ ಬ್ರೇಕು. ಕೆಳಗೆ ಬರುವಷ್ಟರಲ್ಲಿ ಒಳಗಿನ ಗ್ರೀಸೆಲ್ಲ ಸುಟ್ಟು ಹೊಗೆಯಾಗುತ್ತಿತ್ತು. ಮತ್ತೆ ಬಿಚ್ಚಿ ಗ್ರೀಸು ತುಂಬಬೇಕಾಗುತ್ತಿದ್ದುದರಿಂದ ಆ ದಾರಿಗೆ ರೀಪ್ಯಾಕ್ ಎಂದೇ ಹೆಸರಾಯಿತು. ಇನ್ನೊಂದು ಸಂಗತಿಯನ್ನೂ ಇಲ್ಲೇ ಹೇಳಬೇಕು, ಏಕೆಂದರೆ ಹತ್ತದೆ ಇಳಿಯುವುದು ಇತ್ತೀಚಿನ ಸೋಮಾರಿತನ ಎಂದುಕೊಂಡವರಿದ್ದಾರೆ: ಆ ಮೂಲಪುರುಷರೂ ಸೈಕಲ್ಲುಗಳನ್ನು ಹಲವು ಸಲ ಪಿಕಪ್ ಟ್ರಕ್ಕಿನಲ್ಲಿ ಹೇರಿಕೊಂಡೇ ಮೇಲೆ ಹೋಗುತ್ತಿದ್ದರು. ಮೌಂಟನ್ ಬೈಕು ಎಂಬ ವಸ್ತುವೇ ಹುಟ್ಟಿದ್ದು ಇಳಿಯುವ ಹುಚ್ಚಿನಿಂದ. ಗೇರು ಹಾಕಿ ಹತ್ತುವ ಸೌಕರ್ಯ ಆಮೇಲೆ ಬಂತು.

ಶಾಖ ಬ್ರೇಕಿನ ಪಾಲಿನದು, ಸವಾರನ ಪಾಲಿನದೇನು ಎಂದರೆ, ಕುಮಾರ ಪರ್ವತಕ್ಕೆ ಹೋಗಿಬಂದವರು ಯಾರನ್ನಾದರೂ ಕೇಳಬಹುದು. ಹತ್ತುವಾಗ ಉಸಿರು ಹೋಗುತ್ತದೆ, ಆದರೆ ಮರುದಿನ ಮೆಟ್ಟಿಲಿಳಿಯಲಾರದಂತೆ ತೊಡೆ ಹಿಡಿದುಕೊಳ್ಳುವುದು ಇಳಿದದ್ದರಿಂದ. ಸ್ನಾಯು ಹಿಗ್ಗುತ್ತಾ ಹಿಗ್ಗುತ್ತಾ ಭಾರವನ್ನು ತಡೆಹಿಡಿಯುವ ಕೆಲಸ, ಕುಗ್ಗಿ ಎಳೆಯುವ ಕೆಲಸಕ್ಕಿಂತ ಕಡಿಮೆ ಉಸಿರು ಕೇಳುತ್ತದೆ, ಹೆಚ್ಚು ಪೆಟ್ಟು ಕೊಡುತ್ತದೆ. ಇಳಿಜಾರಿನ ಸೈಕಲ್ಲಿನಲ್ಲಿ ಸವಾರ ಸೀಟಿನ ಮೇಲೆ ಕೂರುವುದೇ ಅಪರೂಪ. ಎರಡೂ ಪೆಡಲನ್ನು ಸಮನಾಗಿಟ್ಟು, ಹಿಮ್ಮಡಿ ತಗ್ಗಿಸಿ, ಮೊಣಕಾಲು ಮೊಣಕೈ ಮಡಿಸಿ ನಿಂತಿರಬೇಕು. ನೆಲ ಕೊಟ್ಟ ಪ್ರತಿಯೊಂದು ಹೊಡೆತವನ್ನು ಇನ್ನೂರು ಮಿಲಿಮೀಟರು ಕುಗ್ಗುವ ಫೋರ್ಕು ನುಂಗಿ ಬಿಟ್ಟದ್ದನ್ನು ತೊಡೆಯೂ ತೋಳೂ ನುಂಗಬೇಕು. ತೋರುಬೆರಳು ಬ್ರೇಕಿನ ಮೇಲೆ, ಉಳಿದ ಬೆರಳುಗಳು ಹ್ಯಾಂಡಲ್ಲಿನ ಮೇಲೆ. ಆ ದಿನಗಳಿಂದ ನನ್ನ ದೇಹಕ್ಕೆ ಇಂದಿಗೂ ನೆನಪಿರುವುದು ಮುಂಗೈ ಬಿಗಿದು ಕಲ್ಲಾಗುವ ಆ ನೋವು, ಸಂಜೆ ನೀರಿನ ಬಾಟಲಿಯ ಮುಚ್ಚಳ ತಿರುಗಿಸಲು ಬೆರಳು ಒಪ್ಪದಿರುವುದು. ಇದು ನನ್ನೊಬ್ಬನ ಕೊರಗಲ್ಲ. ಕೆನಡಾದ ಸಂಶೋಧಕರು ಲಿಫ್ಟಿನಿಂದ ಹತ್ತಿ ಇಳಿಯುವ ಸವಾರರಿಗೆ ಅಳತೆಯ ಉಪಕರಣ ಕಟ್ಟಿ ಕಳಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಇಳಿಯುವಾಗ ಬೇಕಾಗುವ ಆಮ್ಲಜನಕ ಅವರ ಗರಿಷ್ಠ ಮಟ್ಟದ ಅರ್ಧದಷ್ಟಿದ್ದರೆ, ಹೃದಯದ ಬಡಿತ ಗರಿಷ್ಠದ ಶೇ. 80ರ ಹತ್ತಿರವಿತ್ತು, ಹಿಡಿತದ ಬಲ ಕುಂದಿತ್ತು. ಅಂದರೆ ಶ್ವಾಸಕೋಶಕ್ಕೆ ಇದು ಚುರುಕು ನಡಿಗೆಗಿಂತ ಸ್ವಲ್ಪ ಹೆಚ್ಚು, ಹೃದಯಕ್ಕೂ ಕೈಗೂ ಅದಕ್ಕಿಂತ ಬಹಳ ಹೆಚ್ಚು. ಹೃದಯದ ಲೆಕ್ಕದಲ್ಲಿ ಅಂಜಿಕೆಯ ಪಾಲೂ ಸೇರಿರುತ್ತದೆ ಎನ್ನುವವರಿಗೆ, ಹೌದು, ಸೇರಿರುತ್ತದೆ. ಅಂಜಿಕೆಯನ್ನು ಹೊತ್ತುಕೊಂಡು ಕೆಲಸ ಮಾಡುವುದೂ ಕೆಲಸವೇ.

ಶ್ರಮವಿದೆ ಎಂದಮಾತ್ರಕ್ಕೆ ವಿದ್ಯೆ ಇದೆ ಎಂದಾಗುವುದಿಲ್ಲ. ಮೂಟೆಯಂತೆ ಉರುಳಿ ಬಂದರೂ ಮೈ ನೋಯುತ್ತದೆ. ವಿದ್ಯೆಗೆ ಸಾಕ್ಷಿ ಬೇಕಾದರೆ ಪಂದ್ಯಗಳ ಕಡೆ ನೋಡಬೇಕು. ಭೂಮಿಯ ಸೆಳೆತ ಎಲ್ಲರಿಗೂ ಒಂದೇ, ದಾರಿ ಒಂದೇ, ಮೇಲ್ಮಟ್ಟದಲ್ಲಿ ಸೈಕಲ್ಲುಗಳೂ ಹೆಚ್ಚುಕಡಿಮೆ ಒಂದೇ. ಇಳಿಸುವುದು ಭೂಮಿಯೇ ಆಗಿದ್ದರೆ ಎಲ್ಲರೂ ಸುಮಾರು ಒಂದೇ ಹೊತ್ತಿಗೆ ತಳ ಮುಟ್ಟಬೇಕು. 2011ರಲ್ಲಿ ಸ್ವಿಟ್ಜರ್ಲೆಂಡಿನ ಶಾಂಪೆರಿಯಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ ಮಳೆ ಸುರಿದು ಕಡಿದಾದ ಕಾಡುದಾರಿ ಕೆಸರಾಗಿತ್ತು. ಜಗತ್ತಿನ ಅತ್ಯುತ್ತಮ ಸವಾರರೆಲ್ಲ ಕಾಲು ಚಾಚಿ ಜಾರಿಕೊಂಡು ಬಂದ ಆ ದಾರಿಯನ್ನು ಇಂಗ್ಲೆಂಡಿನ ಡ್ಯಾನಿ ಹಾರ್ಟ್ ನಾಲ್ಕು ನಿಮಿಷಕ್ಕೂ ಕಡಿಮೆ ಹೊತ್ತಿನಲ್ಲಿ ಇಳಿದು, ಎರಡನೆಯವನಿಗಿಂತ 11 ಸೆಕೆಂಡಿಗೂ ಹೆಚ್ಚು ಮುಂದೆ ನಿಂತ. ಸೆಕೆಂಡಿನ ಭಿನ್ನಾಂಶಗಳಲ್ಲಿ ಗೆಲುವು ಸೋಲು ಆಗುವ ಆಟದಲ್ಲಿ ಅದು ಹೊಲದಷ್ಟು ಅಗಲದ ಅಂತರ. ಆ 11 ಸೆಕೆಂಡನ್ನು ಭೂಮಿ ಕೊಟ್ಟದ್ದಲ್ಲ. ಎಲ್ಲಿ ಬ್ರೇಕು ಹಿಡಿಯಬೇಕು ಎಂಬುದಕ್ಕಿಂತ ಎಲ್ಲಿ ಹಿಡಿಯಬಾರದು ಎಂದು ತಿಳಿದದ್ದರಿಂದ ಬಂದದ್ದು. ಒದ್ದೆ ಬೇರಿನ ಮೇಲೆ ಬ್ರೇಕು ಹಿಡಿದರೆ ಚಕ್ರ ಜಾರುತ್ತದೆ, ಹಿಡಿಯದೆ ನೇರ ಹಾಯ್ದರೆ ದಾಟುತ್ತದೆ. ಇದನ್ನು ಓದಿ ತಿಳಿಯುವುದು ಒಂದು ನಿಮಿಷದ ಕೆಲಸ, ಬೆರಳಿಗೆ ಕಲಿಸುವುದು ವರ್ಷಗಳ ಕೆಲಸ.

ನನ್ನ ವಾದದ ತಿರುಳು ಈ ಬೆರಳಿಗೆ ಕಲಿಸುವುದರಲ್ಲೇ ಇದೆ. ಹದಿನಾರು ಕಿಲೋ ತೂಗುವ ಡೌನ್‌ಹಿಲ್ ಸೈಕಲ್ಲನ್ನು 350 ಮೀಟರು ಎತ್ತರಕ್ಕೆ ತಳ್ಳಿಕೊಂಡು ಹೋಗಲು ಒಂದು ತಾಸಿಗೂ ಹೆಚ್ಚು ಬೇಕು. ಇಳಿಯುವುದು ಐದಾರು ನಿಮಿಷ. ದಿನವಿಡೀ ಹೆಣಗಿದರೂ ಮೂರೋ ನಾಲ್ಕೋ ಇಳಿತ, ಅದೂ ಕೊನೆಯದರ ಹೊತ್ತಿಗೆ ಕಾಲಿನಲ್ಲಿ ತ್ರಾಣವಿರುವುದಿಲ್ಲ. ಲಿಫ್ಟಿದ್ದರೆ ಅದೇ ತಿರುವಿಗೆ ಕಾಲು ಗಂಟೆಯೊಳಗೆ ಮತ್ತೆ ಬರಬಹುದು, ಹಿಂದಿನ ಸಲ ಮಾಡಿದ ತಪ್ಪು ಕೈಯಲ್ಲಿ ಇನ್ನೂ ಬಿಸಿಯಾಗಿರುವಾಗಲೇ. ಸಂಗೀತ ಕಲಿಯುವ ಮಗುವಿಗೆ ಸರಳೆ ವರಸೆಯನ್ನು ಒಂದನೇ ಕಾಲ, ಎರಡನೇ ಕಾಲ, ಮೂರನೇ ಕಾಲದಲ್ಲಿ ಹೇಳಿಸುತ್ತಾರಲ್ಲ, ಇದೂ ಹಾಗೆಯೇ: ಸ್ವರ ಬದಲಾಗುವುದಿಲ್ಲ, ಕಾಲ ಬದಲಾಗುತ್ತದೆ. ಮೊದಲ ಇಳಿತದಲ್ಲಿ ಕಣ್ಣಿಗೆ ಕಾಣುವುದು ಮುಂದಿನ ಚಕ್ರದ ಎದುರಿನ ಕಲ್ಲು ಮಾತ್ರ. ನಾಲ್ಕನೆಯದರಲ್ಲಿ ದೃಷ್ಟಿ ತಿರುವಿನ ಒಳಗೆ ಹೋಗುತ್ತದೆ, ಏಳೆಂಟನೆಯದರಲ್ಲಿ ತಿರುವಿನ ಆಚೆಗೆ. ಭಯವೂ ಹೀಗೆಯೇ ಬದಲಾಗುತ್ತದೆ. ಮೊದಲು ಇಡೀ ಬೆಟ್ಟದ ಭಯ. ಆಮೇಲೆ ಒಂದು ನಿರ್ದಿಷ್ಟ ಬಂಡೆಯ ಭಯ. ಕೊನೆಗೆ ಆ ಬಂಡೆಯ ಎಡಮಗ್ಗುಲಿನ ಒಂದು ಗೇಣಿನ ಭಯ. ಗೇಣಿನಷ್ಟಕ್ಕೆ ಇಳಿದ ಭಯಕ್ಕೆ ಉಪಾಯ ಹುಡುಕಬಹುದು, ಬೆಟ್ಟದಷ್ಟು ಭಯಕ್ಕೆ ಸಾಧ್ಯವಿಲ್ಲ. ಈ ಕಲಿಕೆಗೆ ದಾರಿಯ ಮೇಲೇ ದಾಖಲೆ ಉಳಿದಿರುತ್ತದೆ. ಪ್ರತಿ ತಿರುವಿನ ಮುಂಚೆ, ಎಲ್ಲರೂ ಒಂದೇ ಕಡೆ ಬ್ರೇಕು ಅದುಮುವುದರಿಂದ, ನೆಲದಲ್ಲಿ ಸಾಲು ಸಾಲು ಉಬ್ಬುತಗ್ಗು ಏಳುತ್ತವೆ. ಬೇಸಿಗೆಯ ನಡುವಿನ ಹೊತ್ತಿಗೆ ಅವು ಹಲ್ಲು ಕಡಿಯುವಷ್ಟು ಆಳವಾಗುತ್ತವೆ, ನಿರ್ವಹಣೆಯ ತಂಡದವರು ಸನಿಕೆ ಹಿಡಿದು ಸರಿಮಾಡುತ್ತಾರೆ, ವಾರದೊಳಗೆ ಮತ್ತೆ ಏಳುತ್ತವೆ. ಸಾವಿರಾರು ಜನ ಒಂದೇ ಜಾಗದಲ್ಲಿ ಅಂಜಿದ್ದರ ಗುರುತು ಅದು. ಅನುಭವಿಗಳು ಆ ಉಬ್ಬುತಗ್ಗು ಶುರುವಾಗುವ ಮುಂಚೆಯೇ ಬ್ರೇಕು ಹಿಡಿದು ಮುಗಿಸಿ, ಅವುಗಳ ಮೇಲೆ ಚಕ್ರವನ್ನು ಸಡಿಲ ಬಿಟ್ಟು ಹೋಗುತ್ತಾರೆ.

ಇದೆಲ್ಲ ಸರಿ, ಆದರೆ ಹತ್ತಿ ಗಳಿಸಿದ್ದರಲ್ಲಿ ಇರುವ ಘನತೆ ಇದರಲ್ಲಿಲ್ಲ ಎನ್ನುವವರಿಗೆ ಹಿಮದೋಟದ ಚರಿತ್ರೆಯೇ ಉತ್ತರ. ನಾರ್ವೆ ಸ್ವೀಡನ್ನಿನವರಿಗೆ ಹಿಮದಲ್ಲಿ ಓಡುವುದೆಂದರೆ ಬಯಲು, ಏರು, ಇಳಿವು ಮೂರನ್ನೂ ಸ್ವಂತ ಕಾಲಿನ ಮೇಲೆ ದಾಟುವುದಾಗಿತ್ತು. ಬರೀ ಇಳಿಯುವುದನ್ನು ಪಂದ್ಯ ಎಂದು ಆರ್ನಲ್ಡ್ ಲನ್ ಮೊದಲಾದ ಇಂಗ್ಲಿಷರು ಆಲ್ಪ್ಸ್‌ನಲ್ಲಿ ಶುರುಮಾಡಿದಾಗ ಅವರು ಮೂಗು ಮುರಿದರು. ಅಂತರರಾಷ್ಟ್ರೀಯ ಹಿಮದೋಟದ ಸಂಸ್ಥೆ ಇಳಿಜಾರಿನ ಪಂದ್ಯಗಳಿಗೆ ಮಾನ್ಯತೆ ಕೊಟ್ಟದ್ದು 1930ರಲ್ಲಿ. ಆರು ವರ್ಷದ ಮೇಲೆ ಅಮೆರಿಕದ ಸನ್ ವ್ಯಾಲಿಯಲ್ಲಿ ಜಗತ್ತಿನ ಮೊದಲ ಕುರ್ಚಿ ಲಿಫ್ಟು ನಿಂತಿತು; ಅದನ್ನು ರೂಪಿಸಿದ ರೈಲ್ವೆ ಕಂಪನಿಯ ಎಂಜಿನಿಯರ್ ಜಿಮ್ ಕರನ್ ಮುಂಚೆ ಹಡಗಿಗೆ ಬಾಳೆಗೊನೆ ಸಾಗಿಸುವ ಯಂತ್ರದ ಕೆಲಸ ಮಾಡಿದ್ದವನು, ಗೊನೆಯ ಕೊಕ್ಕೆಯ ಜಾಗಕ್ಕೆ ಕುರ್ಚಿ ತೂಗುಹಾಕಿದ. ಆವತ್ತಿನಿಂದ ಇವತ್ತಿಗೆ ಒಲಿಂಪಿಕ್ಸಿನ ಇಳಿಜಾರು ಹಿಮದೋಟಗಾರನನ್ನು, ನೀನು ಲಿಫ್ಟಿನಲ್ಲಿ ಹತ್ತಿದೆಯಲ್ಲ, ಪದಕ ವಾಪಸು ಕೊಡು ಎಂದು ಯಾರೂ ಕೇಳಿಲ್ಲ. ಸೈಕಲ್ಲಿನ ವಿಷಯದಲ್ಲಿ ಮಾತ್ರ ಹಳೇ ಮಡಿವಂತಿಕೆ ಉಳಿದಿದೆ. 1990ರಲ್ಲಿ ಕೊಲರಾಡೊದ ಡುರಾಂಗೊದಲ್ಲಿ ನಡೆದ ಮೌಂಟನ್ ಬೈಕಿನ ಮೊದಲ ಅಧಿಕೃತ ವಿಶ್ವ ಚಾಂಪಿಯನ್‌ಶಿಪ್ಪಿನಲ್ಲೇ ಏರಿಳಿತದ ಓಟ, ಇಳಿಜಾರು ಎರಡೂ ಇದ್ದುವು. 1996ರಲ್ಲಿ ಒಲಿಂಪಿಕ್ಸಿಗೆ ಹೋದದ್ದು ಮೊದಲನೆಯದು ಮಾತ್ರ. ಇಳಿಜಾರಿನಲ್ಲಿ ವರ್ಷಗಟ್ಟಲೆ ಎದುರಾಳಿಗಳೇ ಇಲ್ಲದಂತೆ ಆಳಿದ ಫ್ರಾನ್ಸಿನ ಆನ್ ಕ್ಯಾರೊಲಿನ್ ಶೋಸೋ ಒಲಿಂಪಿಕ್ ಚಿನ್ನಕ್ಕಾಗಿ ಬೇರೆ ಆಟಕ್ಕೆ ಹೋಗಬೇಕಾಯಿತು. 2008ರಲ್ಲಿ ಬೀಜಿಂಗಿನಲ್ಲಿ ಆಕೆ ಗೆದ್ದದ್ದು ಬಿಎಂಎಕ್ಸ್‌ನಲ್ಲಿ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪಣೆ ಒಂದಿದೆ, ಅದು ಹೊರಗಿನವರಿಂದಲ್ಲ, ಹಳೆಯ ಸವಾರರಿಂದಲೇ ಬರುವುದು. ವಿಸ್ಲರಿನ ಹೆಸರಾಂತ ಎ-ಲೈನ್ ದಾರಿಯನ್ನು ಯಂತ್ರ ಬಳಸಿ ಕಡೆದಿದ್ದಾರೆ. ತಿರುವಿಗೆ ಗೋಡೆಯಂತೆ ಬಾಗಿದ ಏರಿ, ಹಾರಲು ಮೇಜಿನಂಥ ದಿಬ್ಬಗಳು, ಎಲ್ಲವೂ ಅಳತೆಯಲ್ಲಿ. ಅದು ಬೆಟ್ಟವಲ್ಲ, ಜಾತ್ರೆಯ ಆಟಿಕೆ. ಬೆಟ್ಟವನ್ನು ಓದುವ ವಿದ್ಯೆ ಅಲ್ಲಿ ಬೇಕಾಗಿಲ್ಲ ಎಂಬುದು ಅವರ ದೂರು. ದೂರಿನಲ್ಲಿ ಹುರುಳಿದೆ. ಅಂಥ ದಾರಿಗಳಲ್ಲೇ ಬೆಳೆದ ಸವಾರರು ಬೇರು ಬಂಡೆಯ ಕಾಡುದಾರಿಗೆ ಬಂದಾಗ ತಡಬಡಾಯಿಸುವುದನ್ನು ಬೇಕಾದಷ್ಟು ಕಾಣಬಹುದು. ಆದರೆ ಆ ಬೆಟ್ಟದಲ್ಲಿ ಕಡೆದ ದಾರಿಯ ಪಕ್ಕದಲ್ಲೇ ಕಡೆಯದ ದಾರಿಗಳೂ ಇವೆ, ಎರಡಕ್ಕೂ ಒಂದೇ ಲಿಫ್ಟು. ಅಳತೆಯ ದಿಬ್ಬಕ್ಕೆ ಒಂದು ಗುಣವಿದೆ: ಹಾರಲಾರದವನು ಹಾರದೆ ಅದರ ಮೇಲೆ ಉರುಳಿಕೊಂಡೇ ದಾಟಬಹುದು, ನಾಳೆ ಅರ್ಧ ಹಾರಬಹುದು. ಹೊಸಬನಿಗೆ ಬೇಕಾದದ್ದು ಹೀಗೆ ಸ್ವಲ್ಪ ಸ್ವಲ್ಪವೇ ಧೈರ್ಯ ಮಾಡಲು ಬಿಡುವ ನೆಲ. ಕಾಡಿನ ಬಂಡೆ ಆ ಸಲುಗೆ ಕೊಡುವುದಿಲ್ಲ.

ಅಪಾಯದ ಮಾತನ್ನು ಹಾರಿಸಿ ಹೋಗುವುದು ಸರಿಯಲ್ಲ. 2009ರ ಒಂದೇ ಋತುವಿನಲ್ಲಿ ವಿಸ್ಲರಿನ ಪಾರ್ಕಿನಿಂದ ಅಲ್ಲಿಯ ಚಿಕಿತ್ಸಾ ಕೇಂದ್ರಕ್ಕೆ ಬಂದ ಗಾಯಾಳುಗಳು ಸುಮಾರು 900 ಎಂದು ವೈದ್ಯರು ಲೆಕ್ಕ ಕೊಟ್ಟಿದ್ದಾರೆ; ಮೂಳೆ ಮುರಿತಗಳಲ್ಲಿ ಮುಕ್ಕಾಲು ಪಾಲು ಹೆಗಲು, ತೋಳು, ಮಣಿಕಟ್ಟಿನವು. ಬೀಳುವಾಗ ಕೈ ಚಾಚುವುದು ಮನುಷ್ಯನ ಸ್ವಭಾವ, ಅದಕ್ಕೆ ತೆರುವ ಬೆಲೆ ಇದು. ಲಿಫ್ಟು ಅಪಾಯವನ್ನು ಹೆಚ್ಚಿಸುತ್ತದೆಯೇ? ಒಂದರ್ಥದಲ್ಲಿ ಹೌದು. ಹತ್ತಿ ಬಂದವನನ್ನು ದಣಿವೇ ಮನೆಗೆ ಕಳಿಸುತ್ತದೆ. ಲಿಫ್ಟಿನವನಿಗೆ ಸಾಕು ಎನ್ನುವವರು ಯಾರೂ ಇಲ್ಲ. ಹಿಡಿತ ಸೋತ ಕೈಯಲ್ಲೇ ಇನ್ನೊಂದು ಸುತ್ತು ಎಂದು ಹೊರಡುತ್ತಾನೆ. ಪುನರಾವರ್ತನೆ ಕಲಿಸುತ್ತದೆ ಎಂಬ ನನ್ನ ವಾದಕ್ಕೆ ಇದು ಮಿತಿ: ದಣಿದ ಮೇಲಿನ ಪುನರಾವರ್ತನೆ ತಪ್ಪನ್ನೇ ಕಲಿಸುತ್ತದೆ. ಆದರೆ ಅದೇ ಪಾರ್ಕಿನಲ್ಲಿ ಕಷ್ಟದ ಮಟ್ಟ ಗುರುತು ಹಾಕಿರುತ್ತದೆ, ಪಹರೆಯವರು ಇರುತ್ತಾರೆ, ಬಿದ್ದವನನ್ನು ಹೊತ್ತು ತರುವ ವ್ಯವಸ್ಥೆ ಇದೆ, ಬಾಡಿಗೆಗೆ ಇಡೀ ಮುಖ ಮುಚ್ಚುವ ಹೆಲ್ಮೆಟ್ಟೂ ಕವಚವೂ ಸಿಗುತ್ತವೆ. ಗುರುತಿಲ್ಲದ ಕಾಡಿನಲ್ಲಿ ಒಬ್ಬನೇ ಬೀಳುವುದಕ್ಕೆ ಹೋಲಿಸಿದರೆ ಇದು ಎಷ್ಟೋ ವಾಸಿ.

ಇನ್ನು ಬೆಟ್ಟಕ್ಕೆ ಆಗುವ ಹಾನಿ. ವಿಸ್ಲರಿನಲ್ಲಿ ಮರ ಕಡಿದು ಬಯಲು ಮಾಡಿದ್ದು ಹಿಮದೋಟಕ್ಕಾಗಿ, ಲಿಫ್ಟಿನ ಕಂಬ ನೆಟ್ಟದ್ದೂ ಅದಕ್ಕಾಗಿಯೇ. ಸೈಕಲ್ಲು ಬಂದದ್ದು ಆಮೇಲೆ. ಲಿಫ್ಟು ಓಡುವುದು ವಿದ್ಯುತ್ತಿನಿಂದ, ಆ ಪ್ರಾಂತ್ಯದ ವಿದ್ಯುತ್ತಿನ ಬಹುಪಾಲು ಜಲವಿದ್ಯುತ್ತು. ಡೀಸೆಲ್ ಟ್ರಕ್ಕಿನಲ್ಲಿ ಸೈಕಲ್ಲು ಸಾಗಿಸುವ ಬೇರೆ ಬೆಟ್ಟಗಳಿಗಿಂತ ಇಲ್ಲಿ ಹೊಗೆ ಕಡಿಮೆ. ಈ ಸಮರ್ಥನೆ ಅಲ್ಲಿಗೆ ಮಾತ್ರ ಸಲ್ಲುತ್ತದೆ, ಇದನ್ನು ಹಿಡಿದುಕೊಂಡು ನಮ್ಮ ಮಲೆನಾಡಿಗೆ ಬರಬಾರದು. ಚಾಮುಂಡಿ ಬೆಟ್ಟಕ್ಕೆ ರೋಪ್‌ವೇ ಬೇಡ ಎಂದು ಮೈಸೂರಿನವರು ಎತ್ತಿದ ದನಿ ನ್ಯಾಯವಾದದ್ದು. ಕುಮಾರ ಪರ್ವತದಲ್ಲಿ 2024ರ ಜನವರಿಯಲ್ಲಿ ಸೇರಿದ ಜನಜಂಗುಳಿ ನೋಡಿ ಅರಣ್ಯ ಇಲಾಖೆಯೇ ಚಾರಣಕ್ಕೆ ತಡೆ ಹಾಕಬೇಕಾಯಿತು. ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆ ಹೊಯ್ಯುವ, ಹುಲ್ಲಿನ ಬೇರೇ ಮಣ್ಣನ್ನು ಹಿಡಿದಿಟ್ಟಿರುವ ಶೋಲೆಯ ಬೆಟ್ಟದಲ್ಲಿ ಚಕ್ರದ ಗೆರೆಯೊಂದು ಎರಡೇ ಮಳೆಗಾಲದಲ್ಲಿ ಕೊರಕಲಾಗುತ್ತದೆ. ಮುಳ್ಳಯ್ಯನಗಿರಿಗೆ ಬೈಕ್ ಪಾರ್ಕು ತರುತ್ತೇವೆ ಎಂದು ಯಾರಾದರೂ ಹೊರಟರೆ ಅದನ್ನು ವಿರೋಧಿಸುವವರ ಸಾಲಿನಲ್ಲಿ ನಾನೂ ಇರುತ್ತೇನೆ. ಒಂದು ವಿದ್ಯೆ ಮೇಲು ಎಂದಮಾತ್ರಕ್ಕೆ ಅದಕ್ಕೆ ಎಲ್ಲ ನೆಲವೂ ಹೊಂದಬೇಕೆಂದಿಲ್ಲ. ಹಣದ ಮಾತಿಗೂ ಇದೇ ಉತ್ತರ: ದುಬಾರಿ ಆಟ, ನಿಜ, ಲಿಫ್ಟಿನ ಟಿಕೆಟ್ಟು, ಸೈಕಲ್ಲಿನ ಬಾಡಿಗೆ ಸೇರಿದರೆ ಒಂದು ದಿನದ ಖರ್ಚು ಕೈ ಕಚ್ಚುತ್ತದೆ. ಎಲ್ಲರೂ ಆಡಲೇಬೇಕಾದ ಆಟ ಎಂದು ನಾನು ಹೇಳುತ್ತಿಲ್ಲ. ಆಡುವವರು ಕೆಲಸವಿಲ್ಲದೆ ಸಂಬಳ ತಿನ್ನುತ್ತಿದ್ದಾರೆ ಎಂಬ ಮಾತನ್ನು ಮಾತ್ರ ಒಪ್ಪುವುದಿಲ್ಲ.

ವ್ಯಾಂಕೂವರ್, ಸಿಯಾಟಲ್ ಕಡೆ ಕನ್ನಡದವರು ಈಗ ಬೇಕಾದಷ್ಟಿದ್ದಾರೆ, ಬೇಸಿಗೆಯಲ್ಲಿ ವಿಸ್ಲರಿಗೆ ಹೋಗಿ ಲಿಫ್ಟಿನ ಕೆಳಗೆ ನಿಂತು ಫೋಟೊ ತೆಗೆದು ವಾಪಸು ಬರುತ್ತಾರೆ. ಮಂಡಿ ಮಣಿಕಟ್ಟು ನೆಟ್ಟಗಿರುವವರು ಒಂದು ದಿನ ಇಳಿದು ನೋಡಬೇಕೆಂಬುದು ನನ್ನ ಆಸೆ. ಸ್ವಂತ ಸೈಕಲ್ಲು ಒಯ್ಯುವುದು ಬೇಡ, ಬಾಡಿಗೆಗೆ ಪಡೆಯಿರಿ, ಮೊದಲ ಅರ್ಧ ದಿನ ಕಲಿಸುವವರ ಜೊತೆ ಹೋಗಿ. ಹಸಿರು ಗುರುತಿನ ಈಜಿ ಡಸ್ ಇಟ್ ದಾರಿಯನ್ನೇ ಬೇಸರವಾಗುವವರೆಗೆ ಇಳಿಯಿರಿ. ಬ್ರೇಕು ತಿರುವಿಗೆ ಮುಂಚೆ, ತಿರುವಿನೊಳಗಲ್ಲ. ಬೆರಳು ಸೋಲುತ್ತಿದೆ ಎನಿಸಿದ ಕೂಡಲೇ, ಲಿಫ್ಟು ಇನ್ನೂ ಒಂದು ತಾಸು ಓಡುತ್ತಿದ್ದರೂ, ಸೈಕಲ್ಲು ವಾಪಸು ಕೊಟ್ಟುಬಿಡಿ.